ಕಲೆಗೆ ಹೊಸ ಪ್ರೇಕ್ಷಕರನ್ನು ಕಟ್ಟುವುದು ಹೇಗೆ: ಸಮುದಾಯದ ಜೊತೆ ಕೆಲಸ ಮಾಡಲು ಒಂದು ಸಮಗ್ರ ಮಾರ್ಗದರ್ಶಿ

ನಾಟಕ ಇರಲಿ, ಸಂಗೀತ ಕಛೇರಿ ಇರಲಿ, ಚಿತ್ರಕಲಾ ಪ್ರದರ್ಶನ ಇರಲಿ, ಸಂಘಟಕರ ಕೊರಗು ಒಂದೇ: ‘ಬರುವವರೇ ಬರ್ತಾರೆ, ಹೊಸಬರು ಯಾರೂ ಬರಲ್ಲ.’ ಆಗ ಎಲ್ಲರೂ ಮೊದಲು ಕೈಹಾಕುವುದು ಪ್ರಚಾರಕ್ಕೆ. ಇನ್ನಷ್ಟು ಪೋಸ್ಟರ್, ಇನ್ನಷ್ಟು ವಾಟ್ಸಾಪ್ ಸಂದೇಶ, ಕೊನೆಗೆ ಉಚಿತ ಪಾಸ್. ಒಂದು ಸಂಜೆ ಸಭಾಂಗಣ ತುಂಬುತ್ತದೆ. ಮುಂದಿನ ಪ್ರದರ್ಶನಕ್ಕೆ ಮತ್ತೆ ಖಾಲಿ ಕುರ್ಚಿಗಳು.

ಪ್ರಚಾರ ಬೇಡ ಅಂತಲ್ಲ. ಆದರೆ ಅದು ತಲುಪುವುದು ಈಗಾಗಲೇ ಆಸಕ್ತಿ ಇರುವವರನ್ನು. ‘ಇದೆಲ್ಲ ನಮಗಲ್ಲ’ ಅಂದುಕೊಂಡವರ ಮನಸ್ಸನ್ನು ಪೋಸ್ಟರ್ ಬದಲಿಸುವುದಿಲ್ಲ. ಅದಕ್ಕೆ ಪರಿಚಯ ಬೇಕು, ಓಡಾಟ ಬೇಕು, ಸಮಯ ಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಬಂದವರು ಅತಿಥಿಗಳು. ಎರಡನೇ ಸಲ ತಾವಾಗಿಯೇ ಬಂದರೆ ಅವರು ಪ್ರೇಕ್ಷಕರು. ಇಲ್ಲಿರುವ ಪ್ರತಿ ಹೆಜ್ಜೆಯೂ ಆ ಎರಡನೇ ಸಲಕ್ಕಾಗಿ.

ಹೆಜ್ಜೆ 1: ಒಂದೇ ಸಮುದಾಯವನ್ನು ಆರಿಸಿಕೊಳ್ಳಿ

ಮೊದಲು ಈಗ ಬರುತ್ತಿರುವವರನ್ನು ಸರಿಯಾಗಿ ನೋಡಿ. ಎರಡು ಮೂರು ಪ್ರದರ್ಶನಗಳಲ್ಲಿ ಬಾಗಿಲ ಬಳಿ ನಿಂತು ಗಮನಿಸಿ. ಯಾವ ವಯಸ್ಸಿನವರು? ಒಬ್ಬರೇ ಬರುತ್ತಾರಾ, ಮನೆಮಂದಿಯ ಜೊತೆಗಾ? ಯಾವ ಕಡೆಯಿಂದ ಬರುತ್ತಾರೆ? ಮಕ್ಕಳಿದ್ದಾರಾ? ಊರುಗೋಲು ಹಿಡಿದವರು, ಗಾಲಿಕುರ್ಚಿಯವರು ಕಾಣುತ್ತಾರಾ? ಯಾರು ಕಾಣುತ್ತಿಲ್ಲ ಅನ್ನುವುದು ಹೀಗೆ ನೋಡಿದಾಗಲೇ ಗೊತ್ತಾಗುತ್ತದೆ.

ಆಮೇಲೆ ಕಾಣದವರಲ್ಲಿ ಒಂದು ಗುಂಪನ್ನು ಆರಿಸಿ. ‘ಯುವಜನರು’, ‘ಬಡವರು’ ಅನ್ನುವುದು ಗುಂಪಲ್ಲ, ಬರೀ ಹಣೆಪಟ್ಟಿ. ಒಂದು ಶಾಲೆಯ ಮಕ್ಕಳು ಮತ್ತು ಅವರ ಪೋಷಕರು, ಒಂದು ಆಸ್ಪತ್ರೆಯ ರಾತ್ರಿಪಾಳಿ ಸಿಬ್ಬಂದಿ, ಒಂದು ಬೀದಿಯ ಹಿರಿಯರ ಕೂಟ, ಒಂದು ಕಾರ್ಮಿಕ ಸಂಘ: ಹೀಗೆ ಹೆಸರಿಟ್ಟು ಹೇಳಲು ಬರಬೇಕು. ಆರಿಸುವಾಗ ಮೂರು ವಿಷಯ ನೋಡಿ. ಅವರು ನಿಮ್ಮ ಜಾಗಕ್ಕೆ ಬಂದುಹೋಗುವಷ್ಟು ಹತ್ತಿರ ಇದ್ದಾರಾ? ಅವರು ಆಗಲೇ ಎಲ್ಲಾದರೂ ಒಟ್ಟಿಗೆ ಸೇರುತ್ತಾರಾ? ನಿಮ್ಮ ತಂಡದಲ್ಲಿ ಒಬ್ಬರಿಗಾದರೂ ಅವರ ಪರಿಚಯ ಇದೆಯಾ?

ಒಂದೇ ಯಾಕೆ ಅಂತ ಕೇಳಬಹುದು. ಏಕಕಾಲಕ್ಕೆ ಐದು ಕಡೆ ಹೋದರೆ ಐದೂ ಕಡೆ ಹೊರಗಿನವರಾಗಿಯೇ ಉಳಿಯುತ್ತೀರಿ. ಕನಿಷ್ಠ ಮೂರು ವರ್ಷ ಜೊತೆಗಿರುತ್ತೇವೆ ಅನ್ನುವ ಧೈರ್ಯ ಇದ್ದರೆ ಮಾತ್ರ ಬಾಗಿಲು ತಟ್ಟಿ. ಒಂದು ಯೋಜನೆಯ ಹಣ ಇರುವ ತನಕ ಇದ್ದು ಮಾಯವಾಗುವ ಸಂಸ್ಥೆಗಳನ್ನು ಸಮುದಾಯಗಳು ಬೇಕಾದಷ್ಟು ನೋಡಿವೆ. ಅಂಥವರು ಕಾಲಿಟ್ಟು ಹೋದ ಕಡೆ ನಂತರ ಹೋಗುವವರ ಕೆಲಸ ಇನ್ನೂ ಕಷ್ಟ.

ಹೆಜ್ಜೆ 2: ಕರಪತ್ರ ಇಲ್ಲದೆ ಹೋಗಿ, ಕೇಳಿಸಿಕೊಳ್ಳಿ

ಮೊದಲ ಭೇಟಿಗೆ ಕೈಯಲ್ಲಿ ಕರಪತ್ರ ಇರಬಾರದು. ಇದ್ದರೆ ಮಾತು ಮಾರಾಟದ ಕಡೆಗೇ ತಿರುಗುತ್ತದೆ. ಅವರು ಸೇರುವ ಜಾಗಕ್ಕೆ, ಅವರು ಸೇರುವ ಹೊತ್ತಿಗೆ ಹೋಗಿ ಸುಮ್ನೆ ಕೂರಿ. ‘ನೀವು ನಾಟಕ ನೋಡ್ತೀರಾ?’ ಅಂತ ಕೇಳಿದರೆ ‘ಇಲ್ಲ’ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ ಹೀಗೆ ಕೇಳಿ: ‘ಬಿಡುವಾದಾಗ ಏನು ಮಾಡ್ತೀರಿ?’ ‘ನಿಮ್ಮಲ್ಲಿ ಯಾರು ಚೆನ್ನಾಗಿ ಹಾಡ್ತಾರೆ?’ ‘ಕೊನೆಯ ಸಲ ಎಲ್ಲರೂ ಒಟ್ಟಿಗೆ ಹೊರಗೆ ಹೋಗಿದ್ದು ಯಾವಾಗ, ಎಲ್ಲಿಗೆ?’ ‘ನಮ್ಮ ಕಟ್ಟಡದ ಮುಂದೆ ಹಾದುಹೋಗುವಾಗ ಒಳಗೆ ಏನಿದೆ ಅನ್ನಿಸುತ್ತೆ?’

ಕೊನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ಇದ್ದ ಹಾಗೇ ಬರೆದಿಟ್ಟುಕೊಳ್ಳಿ. ಅದೇನೋ ಸರ್ಕಾರಿ ಆಫೀಸು ಅಂದುಕೊಂಡಿದ್ದೆ, ಒಳಗೆ ಬಿಡ್ತಾರೋ ಇಲ್ವೋ, ಎಂಥ ಬಟ್ಟೆ ಹಾಕಿಕೊಂಡು ಬರಬೇಕು, ಅರ್ಥ ಆಗದಿದ್ದರೆ ನಗ್ತಾರೆ, ಜೊತೆಗೆ ಬರೋರು ಯಾರೂ ಇಲ್ಲ, ಮಗು ಅತ್ತರೆ ಏನು ಮಾಡೋದು, ವಾಪಸ್ ಹೋಗಲು ಬಸ್ ಇರಲ್ಲ. ಈ ಬಗೆಯ ಮಾತುಗಳೇ ನಿಮ್ಮ ಕೆಲಸದ ಪಟ್ಟಿ. ಇವುಗಳಲ್ಲಿ ‘ಟಿಕೆಟ್ ದುಬಾರಿ’ ಅನ್ನುವುದು ಎಷ್ಟು ಸಲ ಬಂತು ಅಂತ ಎಣಿಸಿ. ನಾವು ಅಂದುಕೊಳ್ಳುವಷ್ಟು ಸಲ ಬರುವುದಿಲ್ಲ.

ಬ್ರಿಟನ್ನಿನ ಅನುಭವ ಇದಕ್ಕೆ ಪುಷ್ಟಿ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಟಿಕೆಟ್ ಇದ್ದ ರಾಷ್ಟ್ರೀಯ ಮ್ಯೂಸಿಯಂಗಳಿಗೆ 2001ರ ಡಿಸೆಂಬರ್‌ನಲ್ಲಿ ಪ್ರವೇಶ ಉಚಿತವಾಯಿತು. ಭೇಟಿಗಳ ಸಂಖ್ಯೆ ಬಹಳ ಏರಿತು. ಆದರೆ ಯಾವ ವರ್ಗದ ಜನ ಬರುತ್ತಿದ್ದರೋ ಆ ಚಿತ್ರ ಅಷ್ಟಾಗಿ ಬದಲಾಗಲಿಲ್ಲ. ದುಡ್ಡಿನ ಅಡ್ಡಿ ತೆಗೆದರೂ ಉಳಿದ ಅಡ್ಡಿಗಳು ಅಲ್ಲೇ ಇರುತ್ತವೆ, ಅಲ್ವಾ?

ಹೆಜ್ಜೆ 3: ಕೊಂಡಿಯಾಗುವವರನ್ನು ಹುಡುಕಿ, ಅವರ ಕೆಲಸಕ್ಕೆ ಸಂಭಾವನೆ ಕೊಡಿ

ಪ್ರತಿ ಸಮುದಾಯದಲ್ಲೂ ಎಲ್ಲರೂ ಮಾತು ಕೇಳುವ ಒಬ್ಬಿಬ್ಬರು ಇರುತ್ತಾರೆ. ಅವರು ಅಧ್ಯಕ್ಷರೋ ಕಾರ್ಯದರ್ಶಿಯೋ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಗ್ರಂಥಾಲಯದ ಸಹಾಯಕಿ, ಟೈಲರ್, ಶಾಲೆಯ ಪಿ.ಟಿ. ಮೇಷ್ಟ್ರು ಅಂಥವರು. ಗುರುತಿಸುವ ಸುಲಭ ದಾರಿ: ಎಲ್ಲರನ್ನೂ ‘ಏನಾದರೂ ಕಾರ್ಯಕ್ರಮ ಮಾಡಬೇಕಾದರೆ ಯಾರನ್ನು ಕೇಳ್ತೀರಿ?’ ಅಂತ ಕೇಳಿ. ಎರಡು ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ.

ಅವರನ್ನು ನಿಮ್ಮ ತಂಡದ ಜೊತೆಗಾರರನ್ನಾಗಿ ಮಾಡಿಕೊಳ್ಳಿ. ಬೆಳಕಿನ ವಿನ್ಯಾಸಕ್ಕೆ, ಮುದ್ರಣಕ್ಕೆ ಹಣ ಕೊಡುತ್ತೇವೆ. ಜನರ ವಿಶ್ವಾಸ ಗಳಿಸಿಕೊಡುವವರಿಂದ ಮಾತ್ರ ಪುಕ್ಕಟೆ ಕೆಲಸ ನಿರೀಕ್ಷಿಸುತ್ತೇವೆ. ಇದು ಸರಿಯಲ್ಲ. ಬಜೆಟ್ಟಿನಲ್ಲಿ ಅವರ ಹೆಸರಿನಲ್ಲಿ ಒಂದು ಸಾಲು ಇರಲೇಬೇಕು. ಹಣ ಬೇಡ ಅಂದರೆ ಓಡಾಟದ ಖರ್ಚಾದರೂ ಕೊಡಿ. ಮುಂದಿನ ವರ್ಷದ ಕಾರ್ಯಕ್ರಮ ನಿರ್ಧರಿಸುವ ಸಭೆಗೆ ಅವರನ್ನು ಕರೆಯಿರಿ, ಅವರ ಮಾತಿಗೆ ಬೆಲೆ ಇರಲಿ.

ಹೆಜ್ಜೆ 4: ಅವರಿರುವ ಕಡೆ ಹೋಗಿ, ಅಲ್ಲೇ ಉಳಿಯಿರಿ

ಒಂದು ದಿನ ಹೋಗಿ ಪ್ರದರ್ಶನ ಕೊಟ್ಟು ಬರುವುದು ಬೇರೆ, ಅವರ ದಿನಚರಿಯ ಭಾಗವಾಗುವುದು ಬೇರೆ. ಎರಡನೆಯದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಜರ್ಮನಿಯ ಬ್ರೆಮೆನ್ ನಗರದ್ದು. ಅಲ್ಲಿನ ಡಾಯ್ಚ ಕಾಮರ್‌ಫಿಲ್ಹಾರ್ಮನಿ ಅನ್ನುವ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಆರ್ಕೆಸ್ಟ್ರಾಕ್ಕೆ ಅಭ್ಯಾಸಕ್ಕೆ ಒಳ್ಳೆಯ ಜಾಗ ಬೇಕಿತ್ತು. ನಗರದ ಪೂರ್ವಕ್ಕಿರುವ ಓಸ್ಟರ್‌ಹೋಲ್ಸ್-ಟೆನೆವರ್ ಪ್ರದೇಶದಲ್ಲಿ ಒಂದು ದೊಡ್ಡ ಶಾಲೆಯ ನವೀಕರಣ ನಡೆಯುತ್ತಿತ್ತು. ಹಲವು ದೇಶಗಳಿಂದ ಬಂದು ನೆಲೆಸಿದವರ, ಎತ್ತರದ ವಸತಿ ಕಟ್ಟಡಗಳ ಪ್ರದೇಶ ಅದು. 2007ರಲ್ಲಿ ಆರ್ಕೆಸ್ಟ್ರಾ ಆ ಶಾಲೆಗೇ ಬಂದು ನೆಲೆಸಿತು.

ಅಲ್ಲಿ ದಿನವೂ ಏನು ನಡೆಯುತ್ತದೆ ನೋಡಿ. ವಿಶ್ವಮಟ್ಟದ ವಾದಕರು ಮತ್ತು ಶಾಲೆಯ ಮಕ್ಕಳು ಒಂದೇ ಕ್ಯಾಂಟೀನಿನಲ್ಲಿ ಊಟಕ್ಕೆ ಕೂರುತ್ತಾರೆ. ತಾಲೀಮಿನ ಹೊತ್ತಿಗೆ ಮಕ್ಕಳು ಒಳಗೆ ಬಂದು ವಾದಕರ ನಡುವೆಯೇ ಕೂತು ಕೇಳಬಹುದು. ವಾದಕರು ತಪ್ಪುವುದನ್ನು, ನಿಲ್ಲಿಸುವುದನ್ನು, ಅದೇ ನಾಲ್ಕು ಸಾಲನ್ನು ಮತ್ತೆ ನುಡಿಸುವುದನ್ನು ಮಕ್ಕಳು ಹತ್ತಿರದಿಂದ ನೋಡುತ್ತಾರೆ. ಇವರಿಗೆ ಆರ್ಕೆಸ್ಟ್ರಾ ಅಂದರೆ ದೂರದ ವೇದಿಕೆಯ ಮೇಲಿನ ಕಪ್ಪು ಕೋಟುಗಳಲ್ಲ, ಕಾರಿಡಾರಿನಲ್ಲಿ ಎದುರಾಗುವ ಪರಿಚಯದವರು. ಈ ಒಡನಾಟದಿಂದಲೇ ಆ ಬಡಾವಣೆಯ ಜನ ಸೇರಿ ಮಾಡುವ ಒಪೆರಾಗಳು, ಅಂದರೆ ಹಾಡಿನಲ್ಲೇ ಸಾಗುವ ನಾಟಕಗಳು, ಹುಟ್ಟಿದವು.

ನಿಮ್ಮ ತಂಡಕ್ಕೆ ಶಾಲೆಯೊಳಗೆ ನೆಲೆಸಲು ಆಗದಿರಬಹುದು. ವಾರಕ್ಕೊಂದು ತಾಲೀಮನ್ನಾದರೂ ಅವರ ಸಮುದಾಯ ಭವನದಲ್ಲಿ ಬಾಗಿಲು ತೆರೆದಿಟ್ಟು ಮಾಡಬಹುದು. ಇದಕ್ಕೆ ಜಾಸ್ತಿ ಖರ್ಚಿಲ್ಲ. ಪ್ರದರ್ಶನಕ್ಕಿಂತ ತಾಲೀಮು ಜನರನ್ನು ಬೇಗ ಹತ್ತಿರ ಮಾಡುತ್ತದೆ, ಯಾಕಂದರೆ ಅಲ್ಲಿ ಬಂದು ಹೋಗಬಹುದು, ನಗಬಹುದು, ಪ್ರಶ್ನೆ ಕೇಳಬಹುದು.

ಜಾಗ ಬದಲಿಸಿದರೆ ಕಲೆಯೂ ಬದಲಾಗುತ್ತದೆ. ನಿರ್ದೇಶಕ ಗ್ರಹಾಂ ವಿಕ್ ಇಂಗ್ಲೆಂಡಿನಲ್ಲಿ ಕಟ್ಟಿದ ಬರ್ಮಿಂಗ್‌ಹ್ಯಾಮ್ ಒಪೆರಾ ಕಂಪನಿ ಪಾಳುಬಿದ್ದ ಕಾರ್ಖಾನೆಗಳಲ್ಲಿ, ಗೋದಾಮುಗಳಲ್ಲಿ ಒಪೆರಾ ಮಾಡಿತು. ಪ್ರೇಕ್ಷಕರು ನಿಂತುಕೊಂಡು, ಓಡಾಡಿಕೊಂಡು, ಹಾಡುಗಾರರ ಪಕ್ಕದಲ್ಲೇ ನೋಡುತ್ತಿದ್ದರು. ಮೇಳದಲ್ಲಿ, ನಟರಲ್ಲಿ ಅದೇ ನಗರದ ಸಾಮಾನ್ಯ ಜನ. ಚಿತ್ರಕಲೆಯಲ್ಲೂ ಇದು ಸಾಧ್ಯ. ಅಮೆರಿಕದ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ 2010ರಲ್ಲಿ ತನ್ನ ಸಂಗ್ರಹದ ಪ್ರಸಿದ್ಧ ಚಿತ್ರಗಳ ಪ್ರತಿಗಳನ್ನು ಚೌಕಟ್ಟು ಹಾಕಿಸಿ ಬೀದಿಗಳಲ್ಲಿ, ಪಾರ್ಕುಗಳಲ್ಲಿ, ಕಟ್ಟಡಗಳ ಹೊರಗೋಡೆಗಳ ಮೇಲೆ ಇಟ್ಟಿತು. ನಡೆದುಹೋಗುವವರು ದಾರಿಯಲ್ಲೇ ನಿಂತು ನೋಡಿದರು.

ನೀವು ಹೊರಗೆ ಹೋದಾಗ ಒಂದು ಎಚ್ಚರ ಇರಲಿ. ಅವರ ಜಾಗದ ನಿಯಮ ಅವರದು. ಪ್ರಾರ್ಥನೆಯ ಹೊತ್ತು, ಪಾಳಿ ಬದಲಾಗುವ ಹೊತ್ತು, ಪರೀಕ್ಷೆಯ ವಾರ ಇವನ್ನೆಲ್ಲ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 5: ಅವರ ಜೊತೆ ಸೇರಿ ಮಾಡಿ

ನೋಡುವುದು ಒಂದು ಮಟ್ಟ. ಪಾಲ್ಗೊಳ್ಳುವುದು ಇನ್ನೊಂದು. ಏನು ಮಾಡಬೇಕೆಂದು ನಿರ್ಧರಿಸುವುದು ಮೂರನೆಯದು. ಬಹಳ ಸಂಸ್ಥೆಗಳು ಎರಡನೆಯದರಲ್ಲೇ ನಿಲ್ಲುತ್ತವೆ: ಕಾರ್ಯಾಗಾರ, ಫೋಟೋ, ಪ್ರಮಾಣಪತ್ರ. ಮೂರನೆಯ ಮಟ್ಟಕ್ಕೆ ಹೋದಾಗಲೇ ಜನ ‘ನಮ್ಮ ನಾಟಕ’ ಅನ್ನಲು ಶುರುಮಾಡುತ್ತಾರೆ. ಯಾವ ಕತೆ, ಯಾವ ಭಾಷೆ, ಯಾವ ದಿನ, ಎಷ್ಟು ಹೊತ್ತು ಇವುಗಳಲ್ಲಿ ಕೆಲವನ್ನಾದರೂ ಅವರ ಕೈಗೆ ಬಿಡಿ.

ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೊ ಬೋಆಲ್ ರೂಪಿಸಿದ ಫೋರಂ ರಂಗಭೂಮಿ ಇದಕ್ಕೆ ಒಳ್ಳೆಯ ಆರಂಭ. ಒಂದು ಸಮಸ್ಯೆಯ ಸಣ್ಣ ದೃಶ್ಯವನ್ನು ನಟರು ಆಡಿ ತೋರಿಸುತ್ತಾರೆ. ಕೊನೆ ಕೆಟ್ಟದ್ದೇ ಇರುತ್ತದೆ. ಮತ್ತೆ ಮೊದಲಿನಿಂದ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಅನ್ನಬಹುದು, ಪಾತ್ರದ ಜಾಗಕ್ಕೆ ಬಂದು ತಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಆಡಿ ತೋರಿಸಬಹುದು. ಉಳಿದ ನಟರು ಪಾತ್ರದಲ್ಲೇ ಇದ್ದು ಪ್ರತಿಕ್ರಿಯಿಸುತ್ತಾರೆ. ದೊಡ್ಡ ವೇದಿಕೆ ಬೇಡ, ಒಂದು ಕೋಣೆ ಸಾಕು. ಮಾತು ಹೊರಡಿಸಲು ಗೊತ್ತಿರುವ ನಿರ್ವಾಹಕರು ಮಾತ್ರ ಬೇಕೇ ಬೇಕು.

ದೊಡ್ಡ ಮಟ್ಟದಲ್ಲಿ ನೋಡಬೇಕೆಂದರೆ ನ್ಯೂಯಾರ್ಕ್‌ನ ಪಬ್ಲಿಕ್ ಥಿಯೇಟರ್ ಇದೆ. ಅದು ಶುರುಮಾಡಿದ ‘ಪಬ್ಲಿಕ್ ವರ್ಕ್ಸ್’ 2013ರಲ್ಲಿ ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರ್ ನಾಟಕವೊಂದನ್ನು ಆಡಿತು. ವೇದಿಕೆಯ ಮೇಲೆ ಸುಮಾರು 200 ಜನ. ಕೆಲವರು ಮಾತ್ರ ವೃತ್ತಿನಟರು, ಉಳಿದವರು ನಗರದ ಬೇರೆ ಬೇರೆ ಸಮುದಾಯ ಸಂಸ್ಥೆಗಳಿಂದ ಬಂದವರು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಆ ಸಂಜೆಗಳಲ್ಲ. ಆ ಸಂಸ್ಥೆಗಳಲ್ಲಿ ವರ್ಷವಿಡೀ ನಡೆಯುವ ತರಗತಿಗಳು ಮತ್ತು ಅಲ್ಲಿಯವರನ್ನು ನಾಟಕ ನೋಡಲು ಕರೆತರುವ ಕ್ರಮ. ಪ್ರದರ್ಶನ ಅದರ ಒಂದು ಭಾಗ ಅಷ್ಟೇ.

‘ಹೀಗೆ ಮಾಡಿದರೆ ಗುಣಮಟ್ಟ ಇಳಿಯುತ್ತದೆ’ ಅನ್ನುವವರು ನಿಮ್ಮ ತಂಡದಲ್ಲೇ ಇರುತ್ತಾರೆ. ಅವರ ಆತಂಕ ನಿಜವಾದದ್ದು, ತಳ್ಳಿಹಾಕಬೇಡಿ. ನನ್ನ ಅಭಿಪ್ರಾಯ: ಜನರ ಜೊತೆ ಮಾಡುವ ಕೆಲಸಕ್ಕೆ ನಿಮ್ಮ ಅತ್ಯುತ್ತಮ ನಿರ್ದೇಶಕರನ್ನು, ಅತ್ಯುತ್ತಮ ಸಂಗೀತಗಾರರನ್ನು ಕೊಡಿ. ಹೊಸದಾಗಿ ಸೇರಿದ ಕಿರಿಯರನ್ನು ಮಾತ್ರ ಕಳಿಸಿದರೆ, ಸಮುದಾಯದ ಕೆಲಸ ಎರಡನೇ ದರ್ಜೆಯದು ಅಂತ ನೀವೇ ಹೇಳಿದ ಹಾಗೆ. ಅದು ಅವರಿಗೂ ಗೊತ್ತಾಗುತ್ತದೆ.

ಜನರಿಗೆ ‘ಸುಲಭದ್ದು’ ಮಾತ್ರ ಕೊಡಬೇಕು ಅನ್ನುವುದೂ ತಪ್ಪು ಲೆಕ್ಕ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯ ಜನರಿಗೆ ಜಗತ್ತಿನ ಶ್ರೇಷ್ಠ ಸಿನಿಮಾ ತೋರಿಸಿತು. 1985ರಿಂದ ಅದರ ತಿರುಗಾಟ ತಂಡ ಊರೂರಿಗೆ ಹೋಗಿ ಗಟ್ಟಿ ನಾಟಕಗಳನ್ನೇ ಆಡುತ್ತಾ ಬಂದಿದೆ. ಕಲೆ ಕಷ್ಟದ್ದಿರಬಹುದು. ನೋಡಿದ ಮೇಲೆ ಕೂತು ಮಾತಾಡಲು ಜಾಗ, ಹೊತ್ತು, ಜೊತೆ ಇದ್ದರೆ ಆಯಿತು.

ಹೆಜ್ಜೆ 6: ಮೊದಲ ಭೇಟಿಯನ್ನು ಗೇಟಿನಿಂದ ಕುರ್ಚಿಯವರೆಗೆ ನಡೆದು ನೋಡಿ

ಈಗ ಅವರು ನಿಮ್ಮ ಜಾಗಕ್ಕೆ ಬರುವ ಸರದಿ. ಇಲ್ಲಿ ಒಂದು ಕೆಲಸ ಮಾಡಿ. ಕೊಂಡಿಯಾಗಿರುವವರ ಜೊತೆ, ಮೊದಲ ಸಲ ಬರುವವರ ಕಣ್ಣಿನಿಂದ ನಿಮ್ಮ ಕಟ್ಟಡವನ್ನು ನಡೆದು ನೋಡಿ.

ಬಸ್ ಇಳಿದ ಮೇಲೆ ಬೋರ್ಡ್ ಕಾಣುತ್ತದಾ? ಗೇಟಿನ ಕಾವಲುಗಾರರು ಏನು ಕೇಳುತ್ತಾರೆ? ‘ಯಾರು ಬೇಕು?’ ಅಂತ ಕೇಳುವ ದನಿಯಲ್ಲೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಅವರಿಗೆ ‘ಬನ್ನಿ, ನಾಟಕಕ್ಕಾ? ಹೀಗೆ ಹೋಗಿ’ ಅನ್ನಲು ಹೇಳಿಕೊಡಿ. ಕೌಂಟರ್ ಎಲ್ಲಿದೆ? ಶೌಚಾಲಯ ಎಲ್ಲಿದೆ ಅಂತ ಯಾರನ್ನೂ ಕೇಳದೆ ಗೊತ್ತಾಗುತ್ತದಾ? ಆಸನ ಸಂಖ್ಯೆ ಕತ್ತಲಲ್ಲಿ ಓದಲು ಬರುತ್ತದಾ? ಎಷ್ಟು ಹೊತ್ತಿಗೆ ಮುಗಿಯುತ್ತದೆ, ಮಧ್ಯಂತರ ಇದೆಯಾ ಅಂತ ಎಲ್ಲಾದರೂ ಬರೆದಿದೆಯಾ? ಮೆಟ್ಟಿಲಿಲ್ಲದೆ ಒಳಗೆ ಹೋಗಲು ದಾರಿ ಇದೆಯಾ?

ಆಹ್ವಾನದ ಮಾತನ್ನೂ ಹೀಗೇ ಪರೀಕ್ಷಿಸಿ. ‘ನಿರ್ದೇಶಕರ ಪ್ರಯೋಗಾತ್ಮಕ ದೃಶ್ಯಕಾವ್ಯ’ ಅಂತ ಬರೆದರೆ ಮೊದಲ ಸಲ ಬರುವವರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ: ‘ಅಕ್ಕತಂಗಿ ಇಬ್ಬರ ಕತೆ. ಒಂದೂವರೆ ಗಂಟೆ. ನಡುನಡುವೆ ಹಾಡುಗಳಿವೆ. ಮಕ್ಕಳನ್ನು ಕರೆತನ್ನಿ. ಎದ್ದು ಹೊರಗೆ ಹೋಗಿ ಬಂದರೂ ಪರವಾಗಿಲ್ಲ. ಎಂಟೂವರೆಗೆ ಮುಗಿಯುತ್ತದೆ, ಬಸ್ ಸಿಗುತ್ತದೆ.’

ಎಲ್ಲರೂ ಸುಮ್ಮನೆ, ಕತ್ತಲಲ್ಲಿ, ಅಲುಗಾಡದೆ ಕೂರಲು ಆಗುವುದಿಲ್ಲ. ಆಟಿಸಂ ಇರುವವರು, ಮರೆವಿನ ಕಾಯಿಲೆ ಇರುವವರು, ಪುಟ್ಟ ಮಕ್ಕಳ ತಾಯಂದಿರು ಇಂಥ ಕಾರಣಕ್ಕೇ ದೂರ ಉಳಿಯುತ್ತಾರೆ. ಇದಕ್ಕೆ ಹಲವು ದೇಶಗಳ ರಂಗಮಂದಿರಗಳಲ್ಲಿ ‘ರಿಲ್ಯಾಕ್ಸ್ಡ್ ಪ್ರದರ್ಶನ’ ಅನ್ನುವ ಪದ್ಧತಿ ಬೆಳೆದಿದೆ. ಸಭಾಂಗಣದ ದೀಪ ಪೂರ್ತಿ ಆರಿಸುವುದಿಲ್ಲ. ದಿಢೀರ್ ಸದ್ದು, ಮಿಂಚುವ ಬೆಳಕನ್ನು ತಗ್ಗಿಸುತ್ತಾರೆ. ಓಡಾಡಬಹುದು, ಸದ್ದು ಮಾಡಬಹುದು. ಪಕ್ಕದಲ್ಲಿ ಒಂದು ಶಾಂತ ಕೋಣೆ ಇರುತ್ತದೆ. ಒಳಗೆ ಏನೇನು ಕಾಣುತ್ತದೆ ಅನ್ನುವ ಚಿತ್ರಸಹಿತ ವಿವರಣೆಯನ್ನು ಮೊದಲೇ ಕಳಿಸುತ್ತಾರೆ. ಪ್ರತಿ ನಾಟಕಕ್ಕೆ ಇಂಥ ಒಂದು ಪ್ರದರ್ಶನ ಇಟ್ಟರೂ ದೊಡ್ಡ ವ್ಯತ್ಯಾಸ.

ನಿಮ್ಮ ಹಳೆಯ ಪ್ರೇಕ್ಷಕರಿಗೂ ಮೊದಲೇ ತಿಳಿಸಿ. ಯಾರೋ ಫೋನ್ ತೆಗೆದಾಗ, ತಪ್ಪು ಜಾಗದಲ್ಲಿ ಚಪ್ಪಾಳೆ ಹೊಡೆದಾಗ ಹಿಂದಿನ ಸಾಲಿನಿಂದ ಬರುವ ಒಂದು ‘ಶ್!’ ಸಾಕು, ಆರು ತಿಂಗಳ ಓಡಾಟ ನೀರಲ್ಲಿ ಹೋಮ. ಹಳಬರನ್ನು ಆತಿಥ್ಯಕ್ಕೆ ಸೇರಿಸಿಕೊಂಡರೆ ಇದು ತಾನಾಗಿ ಸರಿಹೋಗುತ್ತದೆ. ಹೊಸಬರ ಜೊತೆ ಕೂರಲು ಒಪ್ಪುವ ಹತ್ತು ಜನರನ್ನು ಹುಡುಕಿ.

ಹೆಜ್ಜೆ 7: ಟಿಕೆಟ್ ದರ

ಪೂರ್ತಿ ಉಚಿತ ಮಾಡಿದರೆ ಕಾದಿರಿಸಿದವರೂ ಬಾರದೆ ಇರುವುದು ಜಾಸ್ತಿ. ಕೆಲವು ಮಾದರಿಗಳಿವೆ. ಅಮೆರಿಕದ ಮಿನಿಯಾಪೊಲಿಸ್‌ನ ಮಿಕ್ಸ್ಡ್ ಬ್ಲಡ್ ಥಿಯೇಟರ್ 2011ರಲ್ಲಿ ಒಂದು ಕ್ರಮ ತಂದಿತು: ಆ ದಿನ ಬಂದು ಸಾಲಿನಲ್ಲಿ ನಿಂತರೆ ಉಚಿತ, ಮುಂಗಡ ಆಸನ ಬೇಕೆಂದವರು ಮಾತ್ರ ಹಣ ಕೊಡಬೇಕು. ಇಂಗ್ಲೆಂಡಿನ ಸ್ಟಾಕ್‌ಟನ್‌ನ ಆರ್ಕ್ ಕಲಾಕೇಂದ್ರ 2015ರಲ್ಲಿ, ನಾಟಕ ನೋಡಿ ಮುಗಿದ ಮೇಲೆ ನಿಮಗೆ ತೋಚಿದಷ್ಟು ಕೊಡಿ ಅಂದಿತು. ಗೊತ್ತಿಲ್ಲದ ನಾಟಕಕ್ಕೆ ದುಡ್ಡು ದಂಡವಾಗುತ್ತದೇನೋ ಅನ್ನುವ ಭಯ ಇದರಿಂದ ಹೋಗುತ್ತದೆ. ನಿಮಗೆ ಯಾವುದು ಹೊಂದುತ್ತದೋ ನೋಡಿ. ಒಂದು ಮಾತ್ರ ಮಾಡಬೇಡಿ: ‘ಬಡವರ ಟಿಕೆಟ್’ ಅಂತ ಬೇರೆ ಸಾಲು, ಬೇರೆ ಬಣ್ಣದ ಚೀಟಿ.

ಹೆಜ್ಜೆ 8: ಒಂದು ವಾರದೊಳಗೆ ಎರಡನೇ ಕರೆ

ಎಲ್ಲ ಹೆಜ್ಜೆಗಳಲ್ಲಿ ಜನ ಬಿಟ್ಟುಬಿಡುವುದು ಇದನ್ನೇ. ಪ್ರದರ್ಶನ ಮುಗಿದ ಮೇಲೆ ತಂಡಕ್ಕೆ ಆಯಾಸ, ಲೆಕ್ಕಪತ್ರ, ಮುಂದಿನ ತಾಲೀಮು. ಹೊಸದಾಗಿ ಬಂದವರಿಗೆ ಒಂದು ಫೋನ್ ಕೂಡ ಹೋಗುವುದಿಲ್ಲ.

ಅದೇ ಸಂಜೆ, ಜನ ಹೊರಡುವ ಮೊದಲು ಹದಿನೈದು ನಿಮಿಷ ಕೂತು ಮಾತಾಡಿ. ‘ಹೇಗಿತ್ತು?’ ಅಂದರೆ ‘ಚೆನ್ನಾಗಿತ್ತು’ ಅಂದು ಎದ್ದುಬಿಡುತ್ತಾರೆ. ‘ಯಾವ ಜಾಗದಲ್ಲಿ ಬೇಜಾರಾಯ್ತು?’ ‘ಆ ತಂಗಿ ಮಾಡಿದ್ದು ಸರಿನಾ?’ ಅಂತ ಕೇಳಿ. ವೇದಿಕೆಯ ಮೇಲೆ ಕುರ್ಚಿ ಹಾಕಿ ಪ್ರಶ್ನೋತ್ತರ ಮಾಡುವುದಕ್ಕಿಂತ, ನಟರು ಕೆಳಗಿಳಿದು ಬಂದು ಅವರ ಪಕ್ಕದಲ್ಲಿ ಕೂರುವುದು ಒಳ್ಳೆಯದು.

ಆಮೇಲೆ ಒಂದು ನೋಟ್‌ಬುಕ್ ಇಡಿ. ನಾಲ್ಕು ಕಾಲಂ ಸಾಕು: ಹೆಸರು, ಯಾರ ಜೊತೆ ಬಂದರು, ಮೊದಲ ಸಲ ಬಂದ ದಿನ, ಮತ್ತೆ ಬಂದ ದಿನ. ಹೆಸರು, ನಂಬರ್ ಬರೆದುಕೊಳ್ಳುವಾಗ ಒಪ್ಪಿಗೆ ಕೇಳಿ, ಯಾಕೆ ಅಂತ ಹೇಳಿ. ಒಂದು ವಾರದೊಳಗೆ ಕೊಂಡಿಯಾಗಿರುವವರ ಮೂಲಕ ಮುಂದಿನ ಕರೆ ಹೋಗಲಿ, ದಿನಾಂಕ ಸಮೇತ. ‘ಮತ್ತೆ ಬನ್ನಿ’ ಅನ್ನುವುದು ಕರೆಯಲ್ಲ. ‘ಮುಂದಿನ ತಿಂಗಳು ಎರಡನೇ ಶನಿವಾರ ಹಾಡಿನ ಕಾರ್ಯಕ್ರಮ ಇದೆ, ನಿಮಗೆ ಹಾಡುಗಳು ಇಷ್ಟವಾದವು ಅಂದಿದ್ರಿ, ನಾಲ್ಕು ಕುರ್ಚಿ ಇಟ್ಟಿರ್ತೀವಿ’ ಅನ್ನುವುದು ಕರೆ.

ಆರು ತಿಂಗಳ ಮೇಲೆ ನೋಟ್‌ಬುಕ್ ತೆರೆಯಿರಿ. ಉದಾಹರಣೆಗೆ, ಮೊದಲ ಸಲ 80 ಜನ ಬಂದಿದ್ದರು, ಅವರಲ್ಲಿ 12 ಜನ ಮತ್ತೆ ಬಂದರು, 5 ಜನ ತಮ್ಮ ಪರಿಚಯದವರನ್ನು ಕರೆತಂದರು ಅಂದುಕೊಳ್ಳಿ. 80 ದೊಡ್ಡದಾಗಿ ಕಾಣುತ್ತದೆ. ನಿಮ್ಮ ಕೆಲಸ ನಿಂತಿರುವುದು 12 ಮತ್ತು 5ರ ಮೇಲೆ. ಆ ಐವರ ಜೊತೆ ಕೂತು ಯಾಕೆ ಕರೆತಂದಿರಿ ಅಂತ ಕೇಳಿ. ಮತ್ತೆ ಬಾರದವರಲ್ಲೂ ಹತ್ತು ಜನರನ್ನು ಕೇಳಿ. ಎರಡೂ ಉತ್ತರ ಬೇಕು.

ಹೆಜ್ಜೆ 9: ಹಣ, ಸಮಯ, ಹೊಣೆ

ಈ ಕೆಲಸ ಪ್ರಚಾರ ವಿಭಾಗದ ಒಬ್ಬರ ತಲೆಗೆ ಕಟ್ಟಿದರೆ ನಡೆಯುವುದಿಲ್ಲ. ಕಾರ್ಯಕ್ರಮ ಆರಿಸುವವರು, ಕೌಂಟರಿನಲ್ಲಿ ಕೂರುವವರು, ಕಲಾವಿದರು ಎಲ್ಲರಿಗೂ ಇದರಲ್ಲಿ ಪಾಲಿರಬೇಕು. ಹೊಣೆ ಹೊತ್ತ ವ್ಯಕ್ತಿ ಕೆಲಸ ಬಿಟ್ಟರೆ ಸಂಬಂಧ ಕಡಿದುಹೋಗಬಾರದು. ಅದಕ್ಕೇ ಪ್ರತಿ ಭೇಟಿಗೆ ಇಬ್ಬರು ಹೋಗಿ.

ಬಜೆಟ್ಟಿನಲ್ಲಿ ಇವು ಇರಲಿ: ಕೊಂಡಿಯಾದವರ ಸಂಭಾವನೆ, ಜನರ ಪ್ರಯಾಣದ ಖರ್ಚು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಸನ್ನೆಭಾಷೆಯ ಅನುವಾದಕರು, ಕಾರ್ಯಾಗಾರ ನಡೆಸುವ ಕಲಾವಿದರ ಸಂಭಾವನೆ, ಎರಡನೇ ಭೇಟಿಯ ಟಿಕೆಟ್ಟುಗಳು. ಕೊನೆಯದನ್ನು ಬೇರೆ ಸಾಲಾಗಿ ಬರೆಯಿರಿ, ಇಲ್ಲದಿದ್ದರೆ ಮೊದಲ ಪ್ರದರ್ಶನವೇ ಎಲ್ಲವನ್ನೂ ನುಂಗುತ್ತದೆ.

ಮೊದಲ ವರ್ಷ ಕೇಳಿಸಿಕೊಳ್ಳಲು, ತಾಲೀಮು ತೆರೆದಿಡಲು, ಒಂದೆರಡು ಭೇಟಿಗಳಿಗೆ. ಎರಡನೇ ವರ್ಷ ಒಟ್ಟಿಗೆ ಮಾಡುವ ಒಂದು ಪ್ರಯೋಗ. ಮೂರನೇ ವರ್ಷ ಸಮುದಾಯದಿಂದ ಇಬ್ಬರಾದರೂ ನಿಮ್ಮ ಸಮಿತಿಯಲ್ಲಿರಬೇಕು. ಹಣ ಕೊಡುವವರಿಗೆ ವರದಿ ಬರೆಯುವಾಗ ತಲೆಎಣಿಕೆಯ ಪಕ್ಕದಲ್ಲೇ ಎಷ್ಟು ಜನ ಮತ್ತೆ ಬಂದರು ಅನ್ನುವ ಅಂಕಿಯನ್ನೂ ಹಾಕಿ. ಅವರು ಕೇಳದಿದ್ದರೂ ಹಾಕಿ. ಮೊದಲ ವರ್ಷ ಅದು ಚಿಕ್ಕದಾಗಿಯೇ ಇರುತ್ತದೆ. ಎರಡನೇ ವರ್ಷದ ಅಂಕಿಯನ್ನು ಹೋಲಿಸಿ ನೋಡಲು ಅದು ಬೇಕಾಗುತ್ತದೆ.